ಮೂಗಿನ ಗಾಡಿ ಮಾರಿದ ಮೇಲೆ

ರಕ್ತಸಂಬಂಧವಲ್ಲ, ಗೆಳೆತನವೂ ಅಲ್ಲ, ಆದರೆ ಸಾಯುವತನಕ ಬಿಡುವಂತಿಲ್ಲ. ಅಂಥದೊಂದು ನಂಟು ಷಡ್ಡಕರದು. ಅಕ್ಕತಂಗಿಯರನ್ನು ಮದುವೆಯಾದ ತಪ್ಪಿಗೆ ಇಬ್ಬರು ಗಂಡಸರು ಜೀವಮಾನವಿಡೀ ಹಬ್ಬಕ್ಕೆ, ಹುಣ್ಣಿಮೆಗೆ, ನಾಮಕರಣಕ್ಕೆ ಒಂದೇ ಜಮಖಾನದ ಮೇಲೆ ಅಕ್ಕಪಕ್ಕ ಕೂರಬೇಕು. ಅಕ್ಕತಂಗಿಯರು ಅಡಿಗೆ ಮನೆ ಹೊಕ್ಕರೆಂದರೆ ಅವರ ಮಾತಿಗೆ ಕೊನೆ ಮೊದಲಿಲ್ಲ. ಹೊರಗೆ ಕೂತ ನಾವು? “ಆರಾಮ?” “ಆರಾಮ.” “ಮಳಿ ಹ್ಯಾಂಗೈತಿ?” “ಅಡ್ಡಿ ಇಲ್ಲ.” ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಊಟಕ್ಕೆ ಕರೆಯುವವರೆಗೂ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕೂರುವುದು. ಮದುವೆಯಾದ ಹೊಸದರಲ್ಲಿ ನನ್ನ ಮಾವನ ಮನೆಯ ಕ್ಯಾಲೆಂಡರಿನಲ್ಲಿ ಯಾವ ತಿಂಗಳಿಗೆ ಎಷ್ಟು ಏಕಾದಶಿ ಎಂಬುದು ನನಗೆ ಬಾಯಿಪಾಠವಾಗಿತ್ತು. ಅದಕ್ಕೇ ಹೇಳುತ್ತೇನೆ, ಷಡ್ಡಕರಿಗೆ ಪ್ರೀತಿ ಇರದಿದ್ದರೂ ನಡೆದೀತು, ಜಗಳಕ್ಕೊಂದು ವಿಷಯ ಬೇಕೇ ಬೇಕು. ನಮಗೆ ಅಂಥದೊಂದು ವಿಷಯ ಸಿಕ್ಕಿತ್ತು. ಅದನ್ನು ನಾನೇ ನನ್ನ ಕೈಯಾರೆ ಕಳೆದುಕೊಂಡೆ.

ನನ್ನ ಷಡ್ಡಕ ಚನಬಸಪ್ಪನವರು ನನ್ನ ಹೆಂಡತಿ ಶಾಂತಾಳ ಅಕ್ಕ ಗಿರಿಜಕ್ಕನ ಯಜಮಾನರು. ಕೇಶ್ವಾಪುರದಲ್ಲಿ ಮನೆ, ಹಿಂಡಿ ಮತ್ತು ಹತ್ತಿಕಾಳಿನ ವ್ಯಾಪಾರ. ನನ್ನದು ಅದೇ ಊರಿನ ಕಮರಿಪೇಟೆಯಲ್ಲಿ ಮದುವೆಗಳಿಗೆ ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆ ಕೊಡುವ ಅಂಗಡಿ. ತೊಂಬತ್ತರ ದಶಕದ ನಡುವೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಪಿಕಪ್ ಗಾಡಿ ತೆಗೆದುಕೊಂಡೆವು. ಲಾರಿಯಷ್ಟು ದೊಡ್ಡದಲ್ಲ, ಟೆಂಪೋದಷ್ಟು ಸಣ್ಣದೂ ಅಲ್ಲ, ಅಂಥ ಗಾಡಿ. ನನ್ನದು ಒಂದು ಕಂಪನಿಯದು, ಅವರದು ಅದರ ಎದುರಾಳಿ ಕಂಪನಿಯದು. ಕಂಪನಿಗಳ ಹೆಸರು ಹೇಳುವುದಿಲ್ಲ, ಹೇಳಿದರೆ ಓದುವವರಲ್ಲೂ ಎರಡು ಪಕ್ಷವಾದೀತು. ನನ್ನ ಗಾಡಿಗೆ ಜೀಪಿನಂತೆ ಮುಂದೆ ಉದ್ದ ಬಾನೆಟ್ ಇತ್ತು, ಹೀಗಾಗಿ ಮನೆ ಮಂದಿಯೆಲ್ಲ ಅದನ್ನು ‘ಮೂಗಿನ ಗಾಡಿ’ ಅನ್ನುತ್ತಿದ್ದರು. ಅವರದಕ್ಕೆ ಮೂಗೇ ಇಲ್ಲ, ಎಂಜಿನ್ ಸೀಟಿನ ಕೆಳಗೆ, ಎದುರಿಗೆ ಬರೀ ಗಾಜು. ಅದು ‘ಚಪ್ಪಟೆ ಮಾರಿ ಗಾಡಿ’.

ಅಲ್ಲಿಂದ ನಮ್ಮ ಬಾಯಿ ಬಿಚ್ಚಿತು ನೋಡಿ! “ಈರಣ್ಣಾರ, ನಿಮ್ಮ ಗಾಡಿ ಹೊಳ್ಳಸಬೇಕಂದ್ರ ಒಂದು ಎಕರೆ ಹೊಲಾ ಬೇಕಲ್ರಿ” ಎಂದು ಅವರು ಶುರು ಮಾಡುವುದು. “ಅಣ್ಣಾರ, ನಮ್ಮ ಗಾಡಿಗೆ ಎದುರಿಂದ ಏನರ ಬಡದ್ರ ಬಂಪರ್ ಐತಿ. ನಿಮ್ಮ ಗಾಡಿಗೆ ನಿಮ್ಮ ಮೊಣಕಾಲೇ ಬಂಪರ್” ಎಂದು ನಾನು. “ಸೀಟ್ ಅಂದ್ರ ಸೀಟೇನ್ರಿ ಅದು, ಹಲಗಿ!” “ನಿಮ್ಮ ಸೀಟಿನ ಮ್ಯಾಲ ಗಿರಿಜಕ್ಕ ರೊಟ್ಟಿ ಬೇಯಿಸಬಹುದು, ಅಷ್ಟು ಕಾವು!” ಹೀಗೆ ಶುರುವಾದರೆ ಎಲೆ ಹಾಕುವವರೆಗೂ, ಉಂಡು ಎಲೆ ಅಡಿಕೆ ಹಾಕಿಕೊಳ್ಳುವಾಗಲೂ ಅದೇ. ಬರಬರುತ್ತ ಅವರಿಗೆ ಹಬ್ಬಹರಿದಿನವೂ ಸಾಲದಾಯಿತು. ವಾರಕ್ಕೆರಡು ಸಲವಾದರೂ ಕಮರಿಪೇಟೆಗೆ ಬಂದು, ನನ್ನ ಅಂಗಡಿಯ ಮುಂದೆ ಬೋರಲು ಹಾಕಿದ ಹಂಡೆಯ ಮೇಲೆ ಕೂತು, ಚಹಾ ತರಿಸಿಕೊಂಡು, ನನ್ನ ಗಾಡಿಯನ್ನು ಬೈದು ಹೋಗುತ್ತಿದ್ದರು. ಅವರು ಬಾರದ ವಾರ ನನಗೆ ಚಹಾ ರುಚಿಸುತ್ತಿರಲಿಲ್ಲ. ಆಗ ಅದನ್ನು ನಾನು ಚಹಾದವನ ತಪ್ಪೆಂದೇ ತಿಳಿದಿದ್ದೆ.

ನಮ್ಮ ಮಾವನವರ ಊರು ಉಪ್ಪಿನಬೆಟಗೇರಿ. ಶೀಗಿ ಹುಣ್ಣಿಮೆಗೆ ಅಳಿಯಂದಿರಿಬ್ಬರೂ ಸಂಸಾರಸಮೇತ ಹೋಗಲೇಬೇಕು. ಮನೆ ಮಂದಿ, ಓಣಿಯ ಮಂದಿ, ಕಡುಬು-ಹೋಳಿಗೆಯ ಬುಟ್ಟಿ, ಮೊಸರಿನ ಗಡಿಗೆ ಎಲ್ಲವನ್ನೂ ಎರಡು ಗಾಡಿಗಳಿಗೆ ಹೇರಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯೊಳಗೆ ನೈವೇದ್ಯದ ಚರಗ ಚೆಲ್ಲಿ, ಬನ್ನಿಗಿಡದ ನೆರಳಲ್ಲಿ ಉಣ್ಣುವುದು. ಯಾರು ಯಾವ ಗಾಡಿ ಹತ್ತುತ್ತಾರೆ ಎಂಬುದರ ಮೇಲೆ ಯಾರು ಯಾರ ಪಕ್ಷ ಎಂದು ನಾವು ಲೆಕ್ಕ ಹಾಕುತ್ತಿದ್ದೆವು. ಮಾವನವರು ಬಲು ಹುಷಾರಿ ಮನುಷ್ಯ. ಹೋಗುವಾಗ ಹಿರೇ ಅಳಿಯನ ಗಾಡಿ, ಬರುವಾಗ ಕಿರೇ ಅಳಿಯನ ಗಾಡಿ. ಎರಡೂ ಗಾಡಿಯಿಂದ ಇಳಿಯುವಾಗ “ಇದ ಛಲೋ ನೋಡಪಾ” ಅನ್ನುತ್ತಿದ್ದರು.

ಒಂದು ವರ್ಷ ಹುಣ್ಣಿಮೆಯ ಮುಂಚೆ ಜೋರು ಮಳೆ ಹೊಡೆದು ಎರೆ ಹೊಲದ ದಾರಿ ಕಲಸಿದ ಹಿಟ್ಟಾಗಿತ್ತು. ಚನಬಸಪ್ಪನವರ ಗಾಡಿ ಹೂತು ಕೂತುಬಿಟ್ಟಿತು. ನನ್ನ ಗಾಡಿ ಎದುರಿಗೇ ಗಟ್ಟಿ ನೆಲದ ಮೇಲೆ ನಿಂತಿದೆ, ಹಗ್ಗವೂ ಇದೆ, ಎಳೆದರೆ ಎರಡು ನಿಮಿಷದ ಕೆಲಸ. “ಬ್ಯಾಡ್ರಿ ಈರಣ್ಣಾರ,” ಅಂದರು ಅವರು, ಧೋತರ ಎತ್ತಿ ಕಟ್ಟಿಕೊಳ್ಳುತ್ತ. “ಎತ್ತು ತರಸ್ತೇನಿ.” ಪಕ್ಕದ ಹೊಲದ ಎತ್ತುಗಳು ಎಲ್ಲೋ ಮೇಯಲು ಹೋಗಿದ್ದವು. ಅವು ಬರುವತನಕ ಪೂಜೆ ಇಲ್ಲ, ಪೂಜೆಯಾಗದೆ ಬುಟ್ಟಿಯ ಗಂಟು ಬಿಚ್ಚುವಂತಿಲ್ಲ, ಮಕ್ಕಳು ಹಸಿವೆಯಿಂದ ರಂಪ, ಗಿರಿಜಕ್ಕ ಬದುವಿನ ಮೇಲೆ ಕೂತು ಗಂಡನಿಗೆ ಮಂಗಳಾರತಿ. ಆದರೂ ಆ ಪುಣ್ಯಾತ್ಮ ನನ್ನ ಗಾಡಿಯ ಹಗ್ಗ ಮುಟ್ಟಲಿಲ್ಲ. ನಾನೇನು ಕಡಿಮೆಯೇ? ಮರುವರ್ಷ ನನ್ನ ಗಾಲಿ ಪಂಕ್ಚರಾದಾಗ ಅವರು ಜ್ಯಾಕ್ ಹಿಡಿದುಕೊಂಡು ಬಂದರೆ, ಬೇಡವೆಂದು ಹೇಳಿ ಊರತನಕ ನಡೆದು ಹೋಗಿ ಬೇರೆ ಜ್ಯಾಕ್ ತಂದವನು ನಾನು. ಇಂಥ ಸುಖ ಇನ್ನೆಲ್ಲಿ ಸಿಗಬೇಕು ಹೇಳಿ?

ವರ್ಷಗಳು ಹೋದವು. ನನ್ನ ಬಲಭುಜ ಕೈಕೊಟ್ಟಿತು. ಮೂಗಿನ ಗಾಡಿಯ ಸ್ಟೇರಿಂಗ್ ತಿರುಗಿಸುವುದೆಂದರೆ ಗರಡಿಯ ಕೆಲಸ. ಡಾಕ್ಟರರು ಭುಜ ಒತ್ತಿ ನೋಡಿ, “ಏನು ಕೆಲಸಾ ಮಾಡ್ತೀರಿ, ಹಮಾಲಿಯೇನ್ರಿ?” ಅಂದರು. ಜೊತೆಗೆ ಕಮರಿಪೇಟೆಯ ಓಣಿಗಳು ವರ್ಷ ವರ್ಷ ಸಣ್ಣವಾಗತೊಡಗಿದವು, ನನ್ನ ಗಾಡಿಯ ಮೂಗು ಮಾತ್ರ ಇದ್ದಷ್ಟೇ ಇತ್ತು. ಒಂದು ದಿನ ಯಾರದೋ ಕಟ್ಟೆಯ ಮೇಲಿನ ತುಳಸಿ ಕುಂಡಕ್ಕೆ ತಾಗಿಸಿ, ಆ ಮನೆಯ ಅಜ್ಜಿಯಿಂದ ಮೂರು ತಲೆಮಾರಿಗಾಗುವಷ್ಟು ಬೈಸಿಕೊಂಡು ಬಂದೆ. ಶಾಂತಾ ಅಂದಳು: “ಭುಜಾ ಹೋದ ಮ್ಯಾಲ ಗಾಡಿ ಇಟ್ಕೊಂಡು ಏನ್ ಮಾಡವ್ರಿ? ಭಾವಾರ ಗಾಡಿ ನೋಡ್ರಿ, ಹೊಸಾದು ಬಂದೈತಿ, ಸ್ಟೇರಿಂಗ್ ಒಂದ ಬಟ್ಟಿನ್ಯಾಗ ತಿರಗತೈತಂತ.” ಭಾವಾರು ಅಂದರೆ ಅದೇ ಚನಬಸಪ್ಪನವರು. ಅವರು ಆಗಲೇ ಅದೇ ಕಂಪನಿಯ ಹೊಸ ಮಾದರಿ ತೆಗೆದುಕೊಂಡಿದ್ದರು. ನಾನು ಬೇರೆ ಬೇರೆ ಗಾಡಿ ನೋಡಿದೆ. ಭುಜಕ್ಕೂ ಓಣಿಗೂ ಹೊಂದುವುದು ಆ ಚಪ್ಪಟೆ ಮಾರಿಯದೊಂದೇ ಆಗಿತ್ತು. ಏನು ಮಾಡುವುದು, ಹಳೆಯದನ್ನು ಕೊಟ್ಟು ಅದನ್ನೇ ತೆಗೆದುಕೊಂಡೆ.

ಹಳೇ ಗಾಡಿಯನ್ನು ಬಿಟ್ಟು ಬರುವಾಗ ಬಾನೆಟ್ಟಿನ ಮೇಲೆ ಕೈಯಿಟ್ಟೆ. ಇನ್ನೂ ಬಿಸಿ ಇತ್ತು. ಎಷ್ಟು ಮದುವೆಗಳ ಹಂಡೆ ಹೊತ್ತಿತ್ತೋ ಏನೋ, ಒಂದು ಲಗ್ನಕ್ಕೂ ನನ್ನ ಮಾನ ಕಳೆದಿರಲಿಲ್ಲ. ದಸರೆಯ ಖಂಡೇಪೂಜೆಗೆ ಅದರ ಮೂಗಿನ ಮೇಲೆ ಚೆಂಡುಹೂವಿನ ಮಾಲೆ ಎಷ್ಟು ಚೆಂದ ಕೂರುತ್ತಿತ್ತು! ಹೊಸದಕ್ಕೆ ಮಾಲೆ ಹಾಕಿದರೆ ಎದುರಿನ ರಸ್ತೆಯೇ ಕಾಣುವುದಿಲ್ಲ, ತಟ್ಟೋಣವೆಂದರೆ ತಟ್ಟಲು ಜಾಗವಿಲ್ಲ. ಆದರೂ ಒಂದು ಸಮಾಧಾನ ಇತ್ತು. ಚನಬಸಪ್ಪನವರು ಕುಣಿದಾಡುತ್ತಾರೆ, ‘ಬಂದ್ರೋ ಇಲ್ಲೋ ದಾರಿಗೆ!’ ಎಂದು ವರ್ಷಗಟ್ಟಲೆ ಹಂಗಿಸುತ್ತಾರೆ. ಅದಕ್ಕೆ ಕೊಡಬೇಕಾದ ಉತ್ತರಗಳನ್ನೆಲ್ಲ ತಯಾರು ಮಾಡಿಕೊಂಡು, ಧಾರವಾಡದ ಪೇಡೆ ಕಟ್ಟಿಸಿಕೊಂಡು ಕೇಶ್ವಾಪುರಕ್ಕೆ ಹೋಗಿ ಅವರ ಬಾಗಿಲಲ್ಲಿ ಹಾರ್ನ್ ಹೊಡೆದೆ.

ಅವರು ಹೊರಗೆ ಬಂದರು. ಗಾಡಿ ನೋಡಿದರು. ನನ್ನನ್ನು ನೋಡಿದರು. ತಮ್ಮ ಗಾಡಿಯನ್ನು ನೋಡಿದರು. ಅದೇ ಬಿಳಿ ಬಣ್ಣ, ಅದೇ ಮಾರಿ. “ಕೊಟ್ಟ ಬಿಟ್ಟ್ರೇನ್ರಿ ಅದನ್ನ?” ಅಂದರು. “ಹೂಂನ್ರಿ ಅಣ್ಣಾರ, ನೀವ ಗೆದ್ರಿ” ಅಂದೆ, ಅವರಿಗೆ ಶುರು ಮಾಡಲು ಅನುಕೂಲವಾಗಲೆಂದು. ಅವರು ಪೇಡೆ ಬಾಯಿಗೆ ಹಾಕಿಕೊಂಡು, “ಛಲೋ ಆತು ಬಿಡ್ರಿ” ಎಂದು ಒಳಗೆ ನಡೆದರು. ಚಹಾ ಬಂತು. ಕುಡಿದೆವು. “ಮಳಿ ಹ್ಯಾಂಗೈತ್ರಿ ನಿಮ್ಮ ಕಡೆ?” ಎಂದು ಕೇಳಿದರು. ತಯಾರು ಮಾಡಿಕೊಂಡಿದ್ದ ಉತ್ತರಗಳನ್ನೆಲ್ಲ ಹಾಗೇ ಹೊತ್ತುಕೊಂಡು ಮನೆಗೆ ಬಂದೆ.

ಆ ವರ್ಷದ ಶೀಗಿ ಹುಣ್ಣಿಮೆ ಹೇಗಿತ್ತೆಂದು ಏನು ಹೇಳಲಿ. ಬಾಗಿಲಲ್ಲಿ ಎರಡೂ ಗಾಡಿ ಅವಳಿ ಮಕ್ಕಳಂತೆ ನಿಂತಿದ್ದವು. ಮಂದಿ ಹತ್ತಿರ ಇದ್ದದ್ದನ್ನು ಹತ್ತಿದರು. ಮಾವನವರು ಹೋಗುವಾಗಲೂ ನನ್ನ ಗಾಡಿ, ಬರುವಾಗಲೂ ನನ್ನ ಗಾಡಿ ಹತ್ತಿದರು, ಯಾವುದು ಯಾರದೆಂದು ಅವರಿಗೆ ಗೊತ್ತೇ ಆಗಲಿಲ್ಲ. ಬನ್ನಿಗಿಡದ ಕೆಳಗೆ ಷಡ್ಡಕರಿಬ್ಬರೂ ಅಕ್ಕಪಕ್ಕ ಕೂತು ಹೋಳಿಗೆ ತಿಂದೆವು. “ಸ್ಟೇರಿಂಗ್ ಹಗರ ಐತ್ರಿ” ಅಂದೆ. “ಹೌದ್ರಿ, ನಂದೂ ಹಗರ ಐತಿ” ಅಂದರು. ರಾತ್ರಿಯೊಳಗೆ ಅಡಿಗೆ ಮನೆಯಲ್ಲಿ ದೊಡ್ಡ ಗುಸುಗುಸು. ಹಾಸಿಗೆ ಹಾಸುತ್ತ ಶಾಂತಾ ಕೇಳಿಯೇಬಿಟ್ಟಳು:

“ಜಗಳಾ ಆಡೀರೇನ್ರಿ ನೀವು, ಭಾವಾರ ಜೋಡಿ?”

“ಇಲ್ಲ ಮಾರಾಯ್ತಿ, ಒಂದ ಮಾತೂ ಆಡಿಲ್ಲ.”

“ಅದಕ್ಕ ಕೇಳಾಕತ್ತೇನಿ. ಏನಾರ ಆಗಿದ್ರ ಹೇಳ್ರಿ, ನಾನೂ ಅಕ್ಕಾನೂ ಕೂಡಿ ಬಗಿಹರಸ್ತೀವಿ.”

ಆಗಿದ್ದರೆ ತಾನೇ ಹೇಳುವುದು! ಅಲ್ಲಿಂದ ಚನಬಸಪ್ಪನವರು ಕಮರಿಪೇಟೆಗೆ ಬರುವುದನ್ನೇ ಬಿಟ್ಟರು. ಒಮ್ಮೆ ರಸ್ತೆಯಲ್ಲಿ ಎದುರಾದಾಗ ಗಾಡಿಯೊಳಗಿಂದಲೇ ಕೈ ಎತ್ತಿ ಹೋದರು. ಅಂಗಡಿಯ ಮುಂದೆ ಹಂಡೆ ಹಾಗೇ ಬೋರಲಾಗಿ ಬಿದ್ದಿರುತ್ತಿತ್ತು. ಅದರ ಮೇಲೆ ಬೇರೆ ಯಾರಾದರೂ ಕೂತರೆ ನನಗೆ ಸಿಟ್ಟು ಬರುತ್ತಿತ್ತು. ಆ ಮನುಷ್ಯ ನನಗೆ ಇಷ್ಟು ಬೇಕಾದವರು ಎಂಬುದು ನನಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲಂತೂ ಇನ್ನೂ ಕಷ್ಟವಾಯಿತು. ಷಡ್ಡಕರ ಮನೆಗೆ ಹೋಗಿ ‘ನಿಮ್ಮ ನೆನಪಾತು, ಬಂದೆ’ ಅನ್ನುವ ಪದ್ಧತಿ ನಮ್ಮ ಕಡೆ ಇಲ್ಲ.

ಕಡೆಗೊಂದು ದಿನ ನೆಪ ಹುಡುಕಿಕೊಂಡು ಹೋದೆ. ಗಾಡಿಯ ಮೇಲೆ ದೂರು ಹೇಳಿದರೆ ತಮ್ಮ ಕಂಪನಿಯ ಮಾನ ಉಳಿಸಲಾದರೂ ಅವರು ಎದ್ದು ಕೂತಾರು ಎಂದು ನನ್ನ ಹಂಚಿಕೆ. “ಅಣ್ಣಾರ, ಸೀಟಿನ ಕೆಳಗ ಭಾಳ ಕಾವ ಬರತೈತ್ರಿ” ಅಂದೆ. “ಬರತೈತ್ರಿ, ನಂದೂ ಹಂಗ” ಅಂದರು. “ಕೆಟ್ಟ ದಾರ್ಯಾಗ ತಲಿ ಮಾಳಿಗಿಗೆ ಬಡೀತೈತಿ.” “ಬಡೀತೈತಿ.” “ಲೋಡ್ ಹಾಕಿದ್ರ ಏರ ಹತ್ತೂದಿಲ್ಲ.” “ಇಲ್ಲರೀ, ಹತ್ತೂದಿಲ್ಲ.” ಒಪ್ಪಿಕೊಳ್ಳುವ ಮನುಷ್ಯನ ಜೊತೆ ಎಷ್ಟು ಹೊತ್ತು ಮಾತಾಡಲಾದೀತು? ಹೊರಡೋಣವೆಂದು ಚಪ್ಪಲಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತ ಅಂದರು:

“ಖರೇ ಹೇಳ್ಲೇನ್ರಿ ಈರಣ್ಣಾರ? ನಿಮ್ಮ ಆ ಮೂಗಿನ ಗಾಡಿ ಛಲೋ ಇತ್ತು. ನನ್ನ ಗಾಡಿಕಿಂತ ಛಲೋ ಇತ್ತು.”

ಈ ಒಂದು ಮಾತಿಗಾಗಿ ನಾನು ಎಷ್ಟು ಹಬ್ಬ ಕಾದಿದ್ದೆ! ಅವರ ಬಾಯಿಂದ ಇದನ್ನು ಹೊರಡಿಸಲೆಂದೇ ಎಷ್ಟು ಊಟ ತಣ್ಣಗಾಗಿಸಿಕೊಂಡಿದ್ದೆ! ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ‘ಹೌದ್ರಿ ಅಣ್ಣಾರ’ ಎಂದು ಬಾಯಿ ತುದಿಗೆ ಬಂತು. ಆದರೆ ಅವರ ಮುಖ ನೋಡಿದೆ. ಅಂಗಡಿ ಮುಚ್ಚಿ ಕೂತವರ ಮುಖ ಅದು. ‘ಹೌದು’ ಅಂದೆನೋ, ಮತ್ತೆ ಮಳೆಯ ವಿಚಾರ ಬರುತ್ತದೆ.

“ಏನ್ ಛಲೋರೀ ಅದು!” ಅಂದೆ. “ಡಬ್ಬಾ! ಮಳಿಗಾಲದಾಗ ಒಳಗ ನೀರ ಸೋರತಿತ್ತು, ಗೋಣಿ ಚೀಲಾ ಹಾಸ್ಕೊಂಡು ಕುಂಡರತಿದ್ದೆ. ಥಂಡಿ ದಿನಾ ಮುಂಜಾನೆ ನೂಕಲಾರ್ದ ಚಾಲೂ ಆಗ್ತಿದ್ದಿಲ್ಲ. ನವಲೂರ ಏರಿಗೆ ಬಂದ್ರ ಉಬ್ಬಸ ಬಂದಂಗ ಕೆಮ್ಮತಿತ್ತು. ಎರಡನೇ ಗೇರ್ ಬೀಳಬೇಕಂದ್ರ ದೇವರಿಗೆ ಬೇಡ್ಕೋಬೇಕಾಗಿತ್ತು!”

ಇವೆಲ್ಲ ನಾನು ಹೆಂಡತಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ಸಂಗತಿಗಳು. ಚನಬಸಪ್ಪನವರು ಕುರ್ಚಿಯಲ್ಲಿ ನೆಟ್ಟಗಾದರು. “ಸಾಕ ಮಾಡ್ರಿ!” ಎಂದು ಗುಡುಗಿದರು. “ಇಷ್ಟ ವರ್ಷ ದುಡದ ಹಾಕಿದ ಗಾಡಿಗೆ ಹಿಂಗ ಅಂತಾರೇನ್ರಿ? ಎದುರಿಂದ ಬಡದ್ರ ಬಂಪರ್ ಇತ್ರಿ ಅದಕ್ಕ! ನಿಮ್ಮ ಈ ಗಾಡಿಗೆ ಏನೈತಿ, ನಿಮ್ಮ ಮೊಣಕಾಲ!” ಒಳಗಿಂದ ಗಿರಿಜಕ್ಕ ಓಡಿ ಬಂದು, ನಮ್ಮಿಬ್ಬರನ್ನೂ ನೋಡಿ, ಏನೂ ಕೇಳದೆ ನಗುತ್ತ ಇನ್ನೊಮ್ಮೆ ಚಹಾಕ್ಕಿಟ್ಟಳು. ಕತ್ತಲಾಗುವತನಕ ಅವರು ನನ್ನ ಮಾತುಗಳನ್ನೇ ನನ್ನ ಮೇಲೆ ಎಸೆದರು, ನಾನು ಅವರ ಮಾತುಗಳನ್ನು ಎತ್ತಿಕೊಂಡು ಹೊಡೆದೆ. ಹೊರಡುವಾಗ, “ಶುಕ್ರವಾರ ಅಂಗಡಿಗೆ ಬರ್ತೇನಿ, ನಿಮಗ ಇನ್ನೂ ಹೇಳೂದೈತಿ” ಅಂದರು.

ಗಾಡಿ ಹತ್ತಿ ಕೂತೆ. ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗಿತು. ಮನಸ್ಸು ಮಾತ್ರ ತಿರುಗಲಿಲ್ಲ. ಇಷ್ಟು ವರ್ಷ ಚನಬಸಪ್ಪನವರು ಆ ಗಾಡಿಯನ್ನು ಬೈದರಲ್ಲ, ಒಂದು ಬೈಗುಳವೂ ಅದಕ್ಕೆ ನಾಟಿರಲಿಲ್ಲ, ಏಕೆಂದರೆ ಅವರಿಗೆ ಅದರ ಒಳಗುಟ್ಟು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಂದೇ ಸಂಜೆಯಲ್ಲಿ ಎಲ್ಲಾ ಹೊರಹಾಕಿ ಬಂದೆ. ಪಾಪ, ಈಗ ಎಲ್ಲಿ ಯಾರ ಕೈಯಲ್ಲಿ ಯಾವ ಏರು ಹತ್ತುತ್ತಿದೆಯೋ. ಮನೆ ಮುಟ್ಟುವತನಕ ಅದರ ಮುಂದೆ ಮನಸ್ಸಿನಲ್ಲೇ ಕೈ ಮುಗಿದುಕೊಂಡು ಬಂದೆ. ಊಟಕ್ಕೆ ಕೂತಾಗ ನೆನಪಾಯಿತು, ಅದರ ಬ್ರೇಕಿನ ಬಗ್ಗೆ ಏನೂ ಹೇಳಿಯೇ ಇಲ್ಲ. ಅದನ್ನು ಶುಕ್ರವಾರಕ್ಕೆ ತೆಗೆದಿಟ್ಟುಕೊಂಡಿದ್ದೇನೆ.