ಮಾವನ ಹೊಸ ಹಲ್ಲು, ನನ್ನ ಮೂರು ಕೂಗು

ಪೂರ್ತಿ ಗೊತ್ತಿರುವ ವಿಷಯ ಹೇಳುವಾಗ ನನ್ನ ದನಿ ಮೆತ್ತಗಿರುತ್ತದೆ. ಅರ್ಧಂಬರ್ಧ ಗೊತ್ತಿದ್ದರೆ ಪಕ್ಕದ ಮನೆಗೂ ಕೇಳಿಸುತ್ತದೆ. ಮಧುಗಿರಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿರುವ ನನಗೆ ಈ ಗುಣ ಕ್ಲಾಸಿನಲ್ಲಿ ಅನುಕೂಲವೇ. ಯುಗಾದಿಯ ಮಾರನೆಯ ದಿನ, ಮಾಂಸದೂಟದ ಹೊಸತೊಡಕಿಗೆ, ಅದನ್ನು ಅಡುಗೆಮನೆಗೂ ತಂದುಬಿಟ್ಟೆ.

ಅಂದು ಮಿಡಿಗೇಶಿಯಿಂದ ಅತ್ತೆ ಮಾವ ಊಟಕ್ಕೆ ಬರುವವರಿದ್ದರು. ಮಾವನಿಗೆ ಹೊಸದಾಗಿ ಹಲ್ಲಿನ ಸೆಟ್ಟು ಹಾಕಿಸಿತ್ತು. ಬಾಡೆಂದರೆ ಪ್ರಾಣ ಬಿಡುವ ಮನುಷ್ಯ, ಹಲ್ಲು ಕೀಳಿಸಿದ ಮೇಲೆ ಮೂರು ತಿಂಗಳು ಗಂಜಿಯಲ್ಲೇ ಕಳೆದಿದ್ದರು. "ಹೊಸತೊಡ್ಕಿಗೆ ನಿಮ್ಮನೇಲೇ ಸುರು ಮಾಡ್ತೀನಿ ಅಳಿಯಂದ್ರೆ" ಎಂದು ಫೋನಿನಲ್ಲಿ ಹೇಳಿದಾಗ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು.

ಬೆಳಿಗ್ಗೆಯೇ ಹೋಗಿ ಗುಡ್ಡೆ ಬಾಡು ತಂದೆ. ನಾಲ್ಕಾರು ಮನೆಯವರು ಸೇರಿ ಒಂದು ಕುರಿ ಕೊಯ್ಯಿಸಿ, ತೊಡೆ, ಎದೆ, ಲಿವರ್ ಎಲ್ಲದರಲ್ಲೂ ಒಂದಿಷ್ಟು ಪ್ರತಿ ಗುಡ್ಡೆಗೂ ಬೀಳುವ ಹಾಗೆ ಹಂಚಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ನನ್ನ ಹೆಂಡತಿ ಶಾಂತ ನೋಡಿದವಳೇ, "ಬಲ್ತಿರೋ ಕುರಿ ಕಣ್ರೀ, ಕುಕ್ಕರ್ ಏಳೆಂಟು ಕೂಗಾದ್ರೂ ಕೂಗ್ಬೇಕು" ಎಂದಳು. ಹೆಚ್ಚು ಬೇಯಿಸಿದರೆ ಮಾಂಸದ ಬಿ ವಿಟಮಿನ್ನುಗಳು ನಷ್ಟವಾಗುತ್ತವೆಂದು ನಾನು ಹಿಂದಿನ ದಿನವಷ್ಟೇ ಮೊಬೈಲಿನಲ್ಲಿ ಓದಿದ್ದೆ. ಕುಕ್ಕರನ್ನು ನನ್ನ ವಶಕ್ಕೆ ತೆಗೆದುಕೊಂಡೆ. ಹಬ್ಬದ ದಿನ ಜಗಳ ಯಾಕೆಂದು ಅವಳು ಕಾಯಿ ತುರಿಯಲು ಕೂತಳು. ಒಂದು ಕೂಗಾದ ಮೇಲೆ ತೆಗೆದು ನೋಡಿದರೆ ನೀರಿನ ಮೇಲೆಲ್ಲ ನೊರೆ. ಕೊಳಕೆಂದು ಅಷ್ಟನ್ನೂ ಬಚ್ಚಲಿಗೆ ಬಗ್ಗಿಸಿ, ಹೊಸ ನೀರು ಹಾಕಿ, ಇನ್ನೆರಡು ಕೂಗಿಸಿದೆ. ಒಂದು ತುಂಡು ಬಾಯಿಗೆ ಹಾಕಿಕೊಂಡರೆ ಬೆಣ್ಣೆ! ಅದು ಲಿವರ್, ಅದು ಬೆಂದರೆ ತೊಡೆ ಬೆಂದಂತಲ್ಲ ಎಂಬುದು ಆಗ ಹೊಳೆಯಲಿಲ್ಲ.

ಊಟಕ್ಕೆ ಕೂತೆವು. ಮಾವ ತೊಡೆಯ ತುಂಡನ್ನೇ ಆರಿಸಿ ಬಾಯಿಗಿಟ್ಟರು. ಅಗಿದರು. ಮತ್ತೂ ಅಗಿದರು. ನಾನು ಶಹಬ್ಬಾಸ್‌ಗಿರಿಗೆ ಕಾಯುತ್ತಿದ್ದೆ. ಸೆಟ್ಟೇ ತುಂಡಿನ ಜೊತೆ ಈಚೆಗೆ ಬಂತು. ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು, ಯಾರನ್ನೂ ನೋಡದೆ ಎದ್ದು ಹೋದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅತ್ತೆ ಇನ್ನೊಂದು ತುಂಡು ಸೀಳಿ ನೋಡಿದರು. "ಮೂಳೆ ತಾವ ಇನ್ನೂ ಕೆಂಪ್ಗೈತೆ. ಯಾಕಿಂಗ್ ಮಾಡುದ್ರಿ ಮೇಷ್ಟ್ರೆ?"

"ಜಾಸ್ತಿ ಬೇಯಿಸಿದ್ರೆ ವಿಟಮಿನ್ ನೀರಿಗೆ ಹೋಗ್ಬಿಡುತ್ತೆ ಅತ್ತೆ."

"ಓಗ್ಲಿ ಬುಡಿ. ಆ ನೀರೇ ಅಲ್ವಾ ಸಾರಾಗೋದು? ಸಾರ್ನ ಉಣ್ಣೋರೂ ನಾವೇ. ಅರೆಬೆಂದಿದ್ದು ತಿಂದು ಆಸ್ಪತ್ರೆ ಸೇರುದ್ರೆ ನಿಮ್ ಇಟಮಿನ್ನು ಬಂದು ಗ್ಲೂಕೋಸ್ ಆಕ್ತದಾ?"

ಎಲ್ಲ ಮತ್ತೆ ಕುಕ್ಕರಿಗೆ ಹೋಯಿತು. ಮುದ್ದೆ ಆರಿ ತಣ್ಣಗಾಯಿತು. ಏಳು ಕೂಗಿನ ನಂತರ ಮಾವ ನಾಲ್ಕು ತುಂಡು ತಿಂದು, ಒಂದು ಮೂಳೆಯನ್ನೂ ಚೀಪಿ, "ಈಗ ಬಾಡು ಅನ್ನಿಸ್ತು ಕಣಮ್ಮ" ಎಂದು ಮಗಳಿಗೆ ಹೇಳಿದರು. ನನಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಅತ್ತೆ ಸಾರನ್ನು ಸೊರ್ರೆಂದು ಹೀರಿ ನೋಡಿ, "ಸಾರ್ಯಾಕೆ ಇಂಗೆ ಸಪ್ಪಗೈತೆ? ಮೊದಲ್ನೇ ನೀರೇನಾಯ್ತು?" ಎಂದರು. ಶಾಂತ ಬಚ್ಚಲ ಕಡೆ ಬೆರಳು ತೋರಿಸಿದಳು.

ಮುಂದಿನ ವಾರ ಎಂಟನೇ ಕ್ಲಾಸಿನ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. 'ತರಕಾರಿ ಬೇಯಿಸಿದ ನೀರನ್ನು ಏಕೆ ಚೆಲ್ಲಬಾರದು?' ಪ್ರಶ್ನೆ ನಾನೇ ತೆಗೆದದ್ದು. ಉತ್ತರವನ್ನೂ ನಾನೇ ವರ್ಷಕ್ಕೆ ಮೂರು ಸಲ ಬರೆಸಿದ್ದು. ತಪ್ಪು ಬರೆದವರಿಗೂ ಅರ್ಧ ಅಂಕ ಹಾಕಿದೆ.