ಸಮುದ್ರಕ್ಕೆ ಹೊರಟ ಭಾಲ್ಕಿಯ ಮನೆಗಾಡಿ

ಕೆಲವರು ಎಲ್ಲಿಗೆ ಹೊರಟರೂ ಅಲ್ಲಿಗೇ ಹೋಗಿ ಮುಟ್ಟುತ್ತಾರೆ. ನಮ್ಮ ಮನೆತನಕ್ಕೆ ಆ ಭಾಗ್ಯವಿಲ್ಲ. ದಾರಿಯಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಹೋದ ಚಳಿಗಾಲದ ಪ್ರವಾಸ ನೆನೆದರೆ ಈಗಲೂ ನಗು ಬರುತ್ತದೆ, ಅದರ ಹಿಂದೆಯೇ ಸಣ್ಣದೊಂದು ಕೊರಗೂ ಬರುತ್ತದೆ.

ಭಾಲ್ಕಿಯಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಸಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಒಂದು ಹಳೇ ವ್ಯಾನು ತಂದ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟಾಕಿ ಕೂರಿಸಿದ. ಬಿಳಿ ಬಣ್ಣ ಬಳಿದು ಕಿಟಕಿಗೆ ಪರದೆ ಕಟ್ಟಿದ. ಭಾತಂಬ್ರಾದಲ್ಲಿರುವ ನಮ್ಮಕ್ಕ ಹುಟ್ಟಿದಾಗಿನಿಂದ ಸಮುದ್ರ ನೋಡಿದವಳಲ್ಲ. ಆಕೆಗೆ ಅದನ್ನು ತೋರಿಸಬೇಕೆಂದೇ ಇಷ್ಟೆಲ್ಲ ಏರ್ಪಾಡು. ಅವರಿಬ್ಬರ ಜೊತೆ ಬೀದರಿನ ಚಿದ್ರಿಯಿಂದ ನಾನು, ನನ್ನ ಹೆಂಡತಿ.

೧. ಮೊದಲ ಸವಾರಿ

ಹೊರಡುವ ಮುಂಚೆ ಗಾಡಿ ಹ್ಯಾಗೆ ಓಡುತ್ತದೆಂದು ನೋಡಲು ನಾನೂ ಸಡ್ಡಕನೂ ಔರಾದ್ ರಸ್ತೆಗೆ ಹೋದೆವು. ಕುರಿ ಕಾಯುವ ಮುದುಕನೊಬ್ಬ ಕೈ ಮಾಡಿದ. ಏನೋ ಕೇಳಬೇಕೇನೋ ಎಂದು ನಿಲ್ಲಿಸಿದರೆ, ಬಗಲಲ್ಲಿ ಮರಿ ಇಟ್ಟುಕೊಂಡು ಸೀದಾ ಒಳಗೆ ಹತ್ತಿದ. ಹಾಸಿಗೆ ಕಂಡವನೇ ಮರಿಯ ಜೊತೆ ಮಲಗಿಯೇಬಿಟ್ಟ. ವಯಸ್ಸಾದವರನ್ನು ಏಳಿಸುವುದು ಹ್ಯಾಗೆಂದು ಗಾಡಿ ಮುಂದೆ ಬಿಟ್ಟೆವು.

ಔರಾದ್ ಬಸ್‌ ನಿಲ್ದಾಣದ ಗದ್ದಲಕ್ಕೆ ಮುದುಕ ಎಚ್ಚರಗೊಂಡು ಹೊರಗೆ ಇಣುಕಿದ.

"ಗಾಡಿ ಭಾರಿ ಅದ್ರಿ. ಆದರ ಕಣ್ಣು ಹತ್ತಿ ನಮ್ಮ ಊರು ಹಿಂದ ಉಳೀತು. ಹೊಳ್ಳಿ ಬಿಟ್ಟು ಬರ್ರಿ!"

೨. ಯಾರ ಬೆಳಿ?

ನಾಲ್ವರೂ ಹೊರಟು ಮೊದಲು ತಲುಪಿದ್ದು ಆಂಧ್ರದ ಕೊಲ್ಲೇರು ಸರೋವರ. ಕಣ್ಣು ಹಾಯುವವರೆಗೂ ನೀರು, ಜೊಂಡು, ಅದರ ನಡುವೆ ಜೋಳಿಗೆಯಂಥ ಕೊಕ್ಕಿನ ಹೆಜ್ಜಾರ್ಲೆ ಹಕ್ಕಿಗಳ ದಂಡು. ದಂಡೆಯಲ್ಲಿ ಒಬ್ಬ ದೊಡ್ಡ ಕ್ಯಾಮೆರಾ ಹೂಡಿ, ಉಸಿರು ಬಿಗಿಹಿಡಿದು ಬೆಳಗಿನಿಂದ ಕಾಯುತ್ತಿದ್ದ. ಮಾತಾಡಬೇಡಿ ಎಂದು ನಮಗೂ ಸನ್ನೆ ಮಾಡಿದ.

ಎಲ್ಲರ ನಂತರ ಅಕ್ಕ ಗಾಡಿಯಿಂದ ಇಳಿದಳು. ಜೋಳದ ಹೊಲದಲ್ಲಿ ಹಕ್ಕಿ ಕಾದು ಕಾದು ಬೆಳೆದ ಜೀವ. ಅಷ್ಟು ಹಕ್ಕಿ ಒಮ್ಮೆಲೇ ಕಂಡದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಾಳೆ ತಟ್ಟಿ, "ಹೋ! ಹೋಯ್! ಹಾ!" ಎಂದು ಕೂಗಿದಳು. ಇಡೀ ಸರೋವರವೇ ಎದ್ದು ಹಾರಿದಂತಾಯಿತು. ಕ್ಯಾಮೆರಾದವನು ತಲೆಯ ಮೇಲೆ ಕೈಹೊತ್ತು ಕೂತ. ನಾನೂ ತಲೆಯ ಮೇಲೆ ಹಾರಿಹೋದ ಅವುಗಳ ಹೊಟ್ಟೆಯನ್ನಷ್ಟೇ ನೋಡಿದೆ.

ಅಕ್ಕ ಅವನನ್ನೇ ಗದರಿದಳು: "ಆಳಿದ್ದಂಗ ಅದೀ, ಹಕ್ಕಿ ಹೊಡೀಲಾರದ ಸುಮ್ನ ಕುಂತೀಯಲ್ಲ! ಯಾರ ಬೆಳಿಯೋ ಇದು?"

೩. ಚಹಾ

ಮುಂದೆ ಬೇರುಗಳನ್ನು ಕೆಸರಿನಿಂದ ಮೇಲೆ ಚಾಚಿ ನಿಲ್ಲುವ ಕಾಂಡ್ಲಾ ಕಾಡು. ಅಲ್ಲಿನ ಕಾಲುವೆಯ ಪಕ್ಕ ರಾತ್ರಿ ಗಾಡಿ ನಿಲ್ಲಿಸಿದ್ದೆವು. ಬೆಳಿಗ್ಗೆ ನೋಡಿದರೆ ನೀರು ಏರಿ ಗಾಲಿಯ ತನಕ ಬಂದಿದೆ. "ನೀರೇ ನಮ್ಮನ್ನ ಹುಡುಕ್ಕೊಂಡು ಬಂದದ" ಎಂದು ಸಡ್ಡಕ ಖುಷಿಯಿಂದ ಟಾಕಿ ತುಂಬಿದ.

ಹೆಂಡತಿ ಚಹಾ ಕೊಟ್ಟಳು. ಒಂದು ಗುಟುಕಿಗೇ ಎಲ್ಲರೂ ಮುಖ ಕಿವುಚಿದರು, ಬರೀ ಉಪ್ಪು.

"ಸಕ್ಕರಿ ಡಬ್ಬಿ ತಪ್ಪೀತೇನ್ರಿ?" ಅಂದ ಸಡ್ಡಕ.

ಆಕೆ ಮತ್ತೊಮ್ಮೆ ಮಾಡಿದಳು. ಅದೂ ಉಪ್ಪು. ಸಿಟ್ಟಿನಿಂದ ನಮ್ಮೊಡನೆ ಮಾತು ಬಿಟ್ಟಳು. ಅಂಥ ಚಂದದ ಕಾಡನ್ನು ನಾವು ಒಬ್ಬರ ಮುಖ ಒಬ್ಬರು ನೋಡದೆ ಸುತ್ತಿದ್ದು ನನಗಿನ್ನೂ ಚುಚ್ಚುತ್ತದೆ. ಮಧ್ಯಾಹ್ನ ದೋಣಿಯವನೊಬ್ಬ, ಇದು ಸಮುದ್ರದ ನೀರು, ಭರತಕ್ಕೆ ಒಳಗೆ ಬಂದು ಮತ್ತೆ ಇಳಿಯುತ್ತದೆ ಎಂದು ನಕ್ಕ. ಸಡ್ಡಕ ನನ್ನ ಹೆಂಡತಿಗೆ ಕೈಮುಗಿದ.

ಹೆಂಡತಿ ಪಾತ್ರೆ ಮುಂದಿಟ್ಟಳು: "ಟಾಕಿ ತುಂಬಿದವ್ರು ಯಾರೋ, ಉಳಿದ ಚಹಾ ಅವ್ರೇ ಕುಡೀಬೇಕು."

೪. ಸಮುದ್ರ

ಕಡೆಯ ದಿನ. ಗಾಳಿಮರಗಳ ತೋಪಿನಾಚೆ ತೆರೆಗಳ ಸಪ್ಪಳ ಕೇಳಿಸುತ್ತಿತ್ತು. ಅಕ್ಕ ಚಪ್ಪಲಿ ಆಗಲೇ ಕೈಯಲ್ಲಿ ಹಿಡಿದಿದ್ದಳು. ಆಗ ಒಬ್ಬ ಓಡಿಬಂದು ಗಾಡಿಗೆ ಅಡ್ಡ ನಿಂತ. ಹಿಂದೆ ಒಬ್ಬ ಮುದುಕಿ ತುಂಬು ಬಸುರಿಯನ್ನು ಹಿಡಿದು ತರುತ್ತಿದ್ದಳು. ಬಿಳಿ ಗಾಡಿ, ಒಳಗೆ ಹಾಸಿಗೆ, ಕಿಟಕಿಗೆ ಪರದೆ. ನಾವು ಬಾಯಿ ತೆರೆಯುವ ಮುಂಚೆಯೇ ಆಕೆಯನ್ನು ಒಳಗೆ ಮಲಗಿಸಿದ್ದರು. ಇದು ಆಂಬುಲೆನ್ಸ್ ಅಲ್ಲವೆಂದು ಸಡ್ಡಕ ತನ್ನ ಹರಕು ತೆಲುಗಿನಲ್ಲಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

"ಅಕ್ಕಾರ, ಸಮುದ್ರ?" ಅಂದ ಸಡ್ಡಕ.

"ಅದೇನು ಓಡಿಹೋಗ್ತದೇನು? ತಿರುಗಿಸೋ ಗಾಡಿ!"

ದಾರಿಯುದ್ದಕ್ಕೂ ಅಕ್ಕ ಆ ಹುಡುಗಿಯ ಕೈ ಬಿಡಲಿಲ್ಲ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಅಕ್ಕ ಒಂದೇ ಸಮನೆ ಮಾತಾಡಿದಳು, ಆಕೆ ತಲೆಯಾಡಿಸಿದಳು. ಆಸ್ಪತ್ರೆಯ ಬಾಗಿಲಲ್ಲಿ ಮುದುಕಿ ಯಾವ ಊರೆಂದು ವಿಚಾರಿಸಿದಳು. ಬೀದರ್ ಅಂದೆ. ಆಕೆ ಮಗನ ಕಡೆ ತಿರುಗಿ, "ನೋಡು, ಬೀದರಿನ ಗಾಡಿ ಬಂತು, ನಮ್ಮೂರಿನದು ಇನ್ನೂ ಬರಲಿಲ್ಲ!" ಎಂದಳು.

ಕೂಸಿನ ಮುಖ ನೋಡದೆ ಅಕ್ಕ ಏಳಲಿಲ್ಲ. ನೋಡುವಷ್ಟರಲ್ಲಿ ಕತ್ತಲಾಯಿತು. ಮರುದಿನ ಗ್ಯಾರೇಜ್ ತೆಗೆಯಬೇಕಿತ್ತು. ಸೀದಾ ಊರ ದಾರಿ ಹಿಡಿದೆವು. ಈಗ ಅಕ್ಕನ ಮೊಣಕಾಲು ಅಷ್ಟು ದೂರದ ಪ್ರಯಾಣ ತಾಳುವುದಿಲ್ಲ. ಇನ್ನೊಂದು ತಾಸು ನಿಂತಿದ್ದರೆ ಕತ್ತಲಲ್ಲಾದರೂ ಆಕೆಯ ಪಾದಕ್ಕೆ ತೆರೆ ತಾಗುತ್ತಿತ್ತಲ್ಲ ಎಂದು ನಾನು ಮರುಗುತ್ತೇನೆ.

ಆಕೆ ಮಾತ್ರ ಮರುಗಿದವಳಲ್ಲ. ಭಾತಂಬ್ರಾದಲ್ಲಿ ಗಾಡಿ ಇಳಿದ ಕೂಡಲೇ ಓಣಿಯ ಹೆಂಗಸರೆಲ್ಲ ಸುತ್ತುಗಟ್ಟಿ ಕೇಳಿದರು: "ಸಮುದ್ರ ಹ್ಯಾಂಗದವ್ವಾ?"

ಅಕ್ಕ ಮುಖ ಅರಳಿಸಿ ಹೇಳಿದಳು: "ಹೆಣ್ಣು ಕೂಸವ್ವಾ! ತಾಯಿ-ಮಗಳು ಇಬ್ಬರೂ ಆರಾಮ ಅದಾರ."