ಓದಿದರೂ ಓದಿಲ್ಲವೆನ್ನುವ ನಮ್ಮತ್ತೆ

ನಮ್ಮ ಸೋದರತ್ತೆಗೆ ಕಂಪ್ಯೂಟರ್ ಎಂದರೆ ಹೆದರಿಕೆ ಎಂದು ಇಡೀ ಕಚೇರಿ ನಂಬಿದೆ. ಶಹಾಪುರದ ನಮ್ಮ ಬಂಧುಬಳಗವೂ ಅದನ್ನೇ ಹೇಳಿಕೊಂಡು ನಗುತ್ತದೆ. ಈ ವಾದವನ್ನು ನಾನು ಸಾರಾಸಗಟಾಗಿ ತಳ್ಳಿಹಾಕುತ್ತೇನೆ! ಹೆದರುವವರು ದೂರ ನಿಲ್ಲುತ್ತಾರೆ, ಹೌದೋ ಅಲ್ಲವೋ? ನಮ್ಮತ್ತೆಯಾದರೋ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, "ಏನಂತಿ? ಇನ್ನೊಮ್ಮೆ ಹೇಳು" ಎಂದು ಅದರೊಡನೆ ಜಗಳ ತೆಗೆಯುವವಳು. ಇದು ಹೆದರಿಕೆಯ ಲಕ್ಷಣವೇ?

ಅತ್ತೆ ವಿಶ್ವವಿದ್ಯಾಲಯದ ಯಾದಗಿರಿ ಕೇಂದ್ರದಲ್ಲಿ, ಪರೀಕ್ಷಾ ವಿಭಾಗದ ಹಿರಿಯ ಗುಮಾಸ್ತೆ. ನಾನು ಅದೇ ವಿಭಾಗದಲ್ಲಿ ಗುತ್ತಿಗೆಯ ಕಂಪ್ಯೂಟರ್ ಆಪರೇಟರ್. (ಅತ್ತೆಯ ವಶೀಲಿಯಿಂದ ಬಂದವಳಲ್ಲ, ಪರೀಕ್ಷೆ ಬರೆದೇ ಬಂದವಳು. ನಂಬದವರು ಚರ್ಚೆಗೆ ಬರಬಹುದು!) ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋದಲ್ಲೆಲ್ಲ ಬಹುಮಾನ ತಂದವಳು ನಾನು. ಪರವಾಗಿ ಮೂರು ನಿಮಿಷ, ವಿರೋಧವಾಗಿ ಮೂರು ನಿಮಿಷ, ಎರಡನ್ನೂ ಅಷ್ಟೇ ಆವೇಶದಿಂದ!

ಈ ವರ್ಷ ಮುಖ್ಯ ಕಚೇರಿಯಿಂದ ಆದೇಶ ಬಂತು. ಇನ್ನು ಪ್ರತಿ ವಿಭಾಗಕ್ಕೂ ಒಂದೇ ಮೇಲ್‌ಬಾಕ್ಸ್. ವಿದ್ಯಾರ್ಥಿಗಳು ಬರೆಯುವುದೆಲ್ಲ ಅದಕ್ಕೇ. ನಮ್ಮ ವಿಭಾಗದ್ದನ್ನು ಅತ್ತೆ, ನಾನು, ನಮ್ಮ ಸಾಹೇಬರು ಮೂವರೂ ತಂತಮ್ಮ ಪಾಸ್‌ವರ್ಡಿನಿಂದ ತೆರೆಯಬಹುದು. ನಾನು ಕುಣಿದಾಡಿದೆ. ಅತ್ತೆ ಹುಬ್ಬುಗಂಟಿಕ್ಕಿದಳು.

"ಒಂದು ಡಬ್ಬಿಗಿ ಮೂರು ಮಂದಿ ಕೈ ಹಾಕಿದ್ರ, ರೊಟ್ಟಿ ಯಾರು ತಿಂದ್ರು ಅಂತ ಹೆಂಗ ಗೊತ್ತಾಗಬೇಕು?"

"ಇದು ರೊಟ್ಟಿ ಅಲ್ಲ ಅತ್ತಿ, ಪತ್ರ."

"ಪತ್ರ ಇದ್ರ ಇನ್ನಾ ಕಷ್ಟ. ರೊಟ್ಟಿ ತಿಂದವ್ರ ಬಾಯಾಗರ ಚೂರು ಅಂಟಿರ್ತದ!"

ಮೇಲ್‌ಬಾಕ್ಸ್ ಶುರುಮಾಡಲು ತುಂಬಬೇಕಾದ ಅರ್ಜಿಯಲ್ಲಿ 'ಮೇಲ್‌ಬಾಕ್ಸಿನ ಮಾಲೀಕರು' ಎಂಬ ಕಾಲಂ ಇತ್ತು. ಸಾಹೇಬರು ತಮ್ಮ ಹೆಸರು ತುಂಬಲು ಹೇಳಿದರು. ಅತ್ತೆ ಬಿಡುತ್ತಾಳೆಯೇ? "ಬರೆಯೋರು ಹುಡುಗ್ರು, ಗರಜು ಇರೋದು ಹುಡುಗ್ರಿಗಿ. ನಡುವ ಮಾಲಕ್ರು ನೀವ್ ಹೆಂಗ್ ಆದ್ರಿ, ಸಾಹೇಬ್ರ?" ಸಾಹೇಬರು ಅಂದು ಚಹಾ ಕುಡಿಯಲು ಬೇಗನೆ ಎದ್ದು ಹೋದರು.

ಕೊನೆಯ ಹಂತದಲ್ಲಿ ಅತ್ತೆಯ ಫೋನಿಗೆ ಆರಂಕಿಯ ಕೋಡ್ ಬರುತ್ತಿತ್ತು. ನಿಮಿಷದೊಳಗೆ ಅದನ್ನು ಪರದೆಯ ಮೇಲೆ ತುಂಬಬೇಕು. ಆದರೆ ಆವಕ ರಿಜಿಸ್ಟರಿನಲ್ಲಿ ದಾಖಲಾಗದೆ ಯಾವುದೂ ಕಚೇರಿಯೊಳಗೆ ಕಾಲಿಡಬಾರದು ಎಂಬುದು ಅವಳ ನೇಮ! ಕೋಡ್ ಬಂದೊಡನೆ ರಿಜಿಸ್ಟರ್ ಬಿಚ್ಚಿ, ಗೆರೆ ಎಳೆದು, ತಾರೀಖು ಬರೆದು, ಆರು ಅಂಕಿಗಳನ್ನೂ ದುಂಡಗೆ ಇಳಿಸಿ, "ಹ್ಞಾಂ, ಬರ್ಕೊ" ಎನ್ನುವಷ್ಟರಲ್ಲಿ ಕೋಡಿನ ಆಯುಷ್ಯ ಮುಗಿದಿರುತ್ತಿತ್ತು. ಹೀಗೆ ನಾಲ್ಕು ಸಲ! ಆ ನಾಲ್ಕು ಸತ್ತ ಕೋಡುಗಳು ಇವತ್ತಿಗೂ ರಿಜಿಸ್ಟರಿನಲ್ಲಿ ಸಾಲಾಗಿ ಮಲಗಿವೆ. ಐದನೆಯ ಸಲ ನಾನು ರಿಜಿಸ್ಟರ್ ಬಚ್ಚಿಟ್ಟೆ. ಮೇಲ್‌ಬಾಕ್ಸ್ ತೆರೆಯಿತು! ಖುಷಿಗೆ ಇಡೀ ವಿಭಾಗಕ್ಕೆ ಮಿರ್ಚಿ ಭಜಿ ತರಿಸಿದೆ.

ಮೊದಲ ವಾರವೇ ಯಾವುದೋ ದೇಶದ ರಾಜಕುಮಾರನೊಬ್ಬ ತನ್ನ ಆಸ್ತಿಯನ್ನೆಲ್ಲ ನಮ್ಮ ಪರೀಕ್ಷಾ ವಿಭಾಗಕ್ಕೆ ಬರೆದುಕೊಡುವುದಾಗಿ ಮೇಲ್ ಕಳಿಸಿದ. ಅಳಿಸಿಹಾಕು ಎಂದೆ. ಅತ್ತೆ ಉತ್ತರ ಬರೆಸಿದಳು: "ತಮ್ಮ ಕೋರಿಕೆಯನ್ನು ಪರಿಶೀಲಿಸಲಾಗಿದೆ. ಗುರುತಿನ ಚೀಟಿಯ ದೃಢೀಕೃತ ನಕಲುಗಳನ್ನು ಎರಡು ಪ್ರತಿಗಳಲ್ಲಿ ಲಗತ್ತಿಸದ ಕಾರಣ ಹಿಂದಿರುಗಿಸಲಾಗಿದೆ." ರಾಜಕುಮಾರ ಮತ್ತೆಂದೂ ಬರೆಯಲಿಲ್ಲ. ನಮ್ಮ ಕಚೇರಿಯ ಕಾರ್ಯವಿಧಾನವನ್ನು ದಾಟಿ ಬರುವ ಮೋಸಗಾರ ಇನ್ನೂ ಹುಟ್ಟಿಲ್ಲ!

ನಿಜವಾದ ಯುದ್ಧ ಶುರುವಾದದ್ದು ಆಮೇಲೆ. ಓದದ ಪತ್ರಗಳು ದಪ್ಪ ಅಕ್ಷರದಲ್ಲಿ ಇರುತ್ತವೆ. ಮೂವರಲ್ಲಿ ಯಾರೇ ತೆರೆದರೂ ಎಲ್ಲರ ಪರದೆಯಲ್ಲೂ ತೆಳ್ಳಗಾಗುತ್ತವೆ. ಅತ್ತೆ ಪತ್ರವನ್ನು ಪೂರ್ತಿ ಓದಿ, 'ಓದಿಲ್ಲ' ಎಂದು ಗುರುತು ಹಾಕಿ ಮತ್ತೆ ದಪ್ಪಗೆ ಮಾಡಿಬಿಡುತ್ತಿದ್ದಳು! ಸಾಹೇಬರು ಗಾಬರಿಯಾದರು. "ಮೇಡಂ, ಒಂದೂ ಪತ್ರ ಓದಿಲ್ಲೇನ್ರಿ ನೀವು?"

"ಎಲ್ಲಾ ಓದೀನ್ರಿ. ಕೆಲಸ ಆಗಿಲ್ಲ. ಆಗೋತನಕ ದಪ್ಪಗೇ ಇರ್ಲಿ."

ನಾನು ಚರ್ಚೆಗಿಳಿದೆ. "ಓದಿದ್ದನ್ನ ಓದಿಲ್ಲ ಅನ್ನೋದು ಸುಳ್ಳಲ್ಲೇನು ಅತ್ತಿ?"

"ನೀ ಓದಿದ ಕೂಡ್ಲೇ ಆ ಹುಡುಗ್ರ ಕೈಯಾಗ ಮಾರ್ಕ್ಸ್‌ಕಾರ್ಡ್ ಬಂದು ಬೀಳ್ತದೇನು? ಹಂಗಿದ್ರ ಓದು, ದಿನಾ ಓದು!"

ತೀರ್ಪುಗಾರರಿಲ್ಲದ್ದರಿಂದ ಫಲಿತಾಂಶ ಘೋಷಣೆಯಾಗಲಿಲ್ಲ.

ಸಗರದಲ್ಲಿ ಯಾರದೋ ಮದುವೆಯೆಂದು ಅತ್ತೆ ಎರಡು ದಿನ ರಜೆ ಹಾಕಿದಳು. ನನಗೆ ಅಷ್ಟೇ ಸಾಕಾಯಿತು! ಎಲ್ಲ ಪತ್ರಗಳನ್ನೂ ತೆರೆದೆ, ಕಣ್ಣಾಡಿಸಿದೆ, ತೆಳ್ಳಗೆ ಮಾಡಿದೆ. ಎಂಥ ಶುಭ್ರವಾದ ಪರದೆ! ಸಾಹೇಬರು ಭೇಷ್ ಎಂದರು. ರಜೆ ಮುಗಿಸಿ ಬಂದ ಅತ್ತೆ ನೋಡಿ ನನ್ನ ಬೆನ್ನು ತಟ್ಟಿದಳು. "ಅಷ್ಟೂ ಕೆಲಸ ಮುಗಿಸಿಬಿಟ್ಟೀಯಲ್ಲ ನಮ್ಮವ್ವ!" ಹೊಗಳಿಕೆಯ ವಿರುದ್ಧ ವಾದಿಸಿ ನನಗೆ ಅಭ್ಯಾಸವಿರಲಿಲ್ಲ. ಗುಟ್ಟಾಗಿ ಒಂದೊಂದೇ ಮಾಡಿ ಮುಗಿಸಿದರಾಯಿತು ಎಂದುಕೊಂಡೆ. ಆದರೆ ಎಲ್ಲವೂ ಒಂದೇ ಥರ ತೆಳ್ಳಗಿರುವಾಗ ಮಾಡಿದ್ದು ಯಾವುದು, ಮಾಡದ್ದು ಯಾವುದು?

ಮುಂದಿನ ಬುಧವಾರ ಮಧ್ಯಾಹ್ನ ಸುರಪುರದ ಹುಡುಗಿಯೊಬ್ಬಳು ಕಿಟಕಿಯ ಮುಂದೆ ನಿಂತಿದ್ದಳು. ಮರುದಿನ ಮುಂಜಾನೆ ಊರಲ್ಲೇ ಅವಳ ದಾಖಲೆ ಪರಿಶೀಲನೆ. ಪ್ರೊವಿಷನಲ್ ಸರ್ಟಿಫಿಕೇಟ್ ಇಲ್ಲದಿದ್ದರೆ ಶಿಕ್ಷಕಿಯ ಕೆಲಸ ಪಟ್ಟಿಯಲ್ಲಿರುವ ಮುಂದಿನವರಿಗೆ. "ಮೇಲ್ ಮಾಡಿ ಹತ್ತು ದಿನ ಆತ್ರಿ ಮೇಡಂ..." ಎನ್ನುತ್ತಲೇ ಅಳತೊಡಗಿದಳು.

ಸಾಹೇಬರು ಓಡಿಬಂದರು. ಪರದೆಯ ಮೇಲೆ ಅವಳ ಪತ್ರ ತೆಳ್ಳಗೆ ಮಲಗಿತ್ತು. "ಓದಿ ಬಿಟ್ಟಾರಲ್ಲ! ಯಾರು ಓದ್ಯಾರ ಇದನ್ನ?"

ಅತ್ತೆ ನನ್ನ ಕಡೆ ನೋಡಿದಳು. ಪರವಾಗಿ ಮೂರು ನಿಮಿಷ, ವಿರೋಧವಾಗಿ ಮೂರು ನಿಮಿಷ ಮಾತಾಡಬಲ್ಲ ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಮುಂದಿನ ತಿಂಗಳೇ ನನ್ನ ಗುತ್ತಿಗೆಯ ನವೀಕರಣ ಸಾಹೇಬರ ಮುಂದೆ ಬರುವುದಿತ್ತು.

"ನಾನೇರಿ ಸಾಹೇಬ್ರ," ಎಂದಳು ಅತ್ತೆ. "ಓದಿ ಮರ್ತೀನಿ."

ಸಾಹೇಬರು ಮೆಮೊ ಕೊಟ್ಟರು. ಇಷ್ಟು ವರ್ಷದ ಸೇವೆಯಲ್ಲಿ ಅವಳಿಗೆ ಬಂದ ಮೊದಲ ಮೆಮೊ! ಅದನ್ನು ಮಡಚಿ ಪಕ್ಕಕ್ಕಿಟ್ಟು, "ಅಳಬ್ಯಾಡವ್ವ, ನೀರು ಕುಡಿ" ಎಂದು ಹುಡುಗಿಗೆ ಹೇಳಿ, ಫಲಿತಾಂಶದ ದಪ್ಪ ಪುಸ್ತಕ ತೆಗೆದಳು. ತಾನೇ ತಾಳೆ ನೋಡಿದಳು, ಸಾಹೇಬರ ಬೆನ್ನುಹತ್ತಿ ಸಹಿ ಮಾಡಿಸಿದಳು, ಮೊಹರು ಒತ್ತಿದಳು. ಎರಡು ತಾಸಿನಲ್ಲಿ ಸರ್ಟಿಫಿಕೇಟ್, ಜೊತೆಗೆ ಅತ್ತೆಯ ಫೋನ್ ನಂಬರ್, ಹುಡುಗಿಯ ಕೈಯಲ್ಲಿ!

ಸಂಜೆ ಮೆಮೊಗೆ ಉತ್ತರ ಬರೆಸಲು ಕೂತಳು. ಅವಳು ಹೇಳಿದಳು, ನಾನು ಟೈಪ್ ಮಾಡಿದೆ. "ಸದರಿ ಪತ್ರವನ್ನು ಓದಿಯೂ ಕ್ರಮ ಕೈಗೊಳ್ಳದೆ ಇರುವುದು ನನ್ನ ತಪ್ಪು..." ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಆ ಹುಡುಗಿಯೇ.

"ಬಸ್ ಸಿಕ್ತೇನವ್ವ? ಕಿಟಕಿ ಬಾಜು ಕೂತು ಕಾಗದ ತಗೀಬ್ಯಾಡ, ಗಾಳಿಗಿ ಹಾರ್ತದ. ಮನಿಗಿ ಮುಟ್ಟಿದ ಮ್ಯಾಲ ನಿಮ್ಮವ್ವಗ ತೋರ್ಸು."

ನಾನು ಪತ್ರದ ಕೊನೆಗೆ ಬಂದಿದ್ದೆ. 'ತಮ್ಮ ವಿಶ್ವಾಸಿ' ಎಂದು ಹೊಡೆದ ಮೇಲೆ ಬೆರಳು ಮುಂದೆ ಹೋಗಲಿಲ್ಲ. ಅತ್ತೆ ಫೋನ್ ಕಿವಿಯಲ್ಲಿಟ್ಟುಕೊಂಡೇ ನನ್ನ ಕಡೆ ತಿರುಗಿದಳು.

"ಅತ್ತಿ," ಎಂದೆ. "ಇದರ ಕೆಳಗ ಯಾರ ಹೆಸರು ಹೊಡೀಲಿ?"